ತಾರಸಿ ತೋಟದ ಹಣ್ಣು ಕಚ್ಚಿದ್ದು ಯಾರು? ಬಲೆ ಕೊಳ್ಳುವ ಮೊದಲು ಪತ್ತೆ ಹಚ್ಚುವ ಬಗೆ

ಬೆಂಗಳೂರಿನಲ್ಲಿ ತಾರಸಿ ಮೇಲೆ, ಬಾಲ್ಕನಿಯಲ್ಲಿ ಕುಂಡ ಇಟ್ಟು ತರಕಾರಿ ಬೆಳೆಯುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ "ಯಾವ ನೆಟ್ ಹಾಕಿಸಲಿ?" ಎಂಬುದು. ನಾನು ತಿರುಗಿ ಕೇಳುವುದು "ತಿಂದಿದ್ದು ಯಾರು ಅಂತ ನೋಡಿದ್ರಾ?" ಎಂದು. ಹೆಚ್ಚಿನವರು ನೋಡಿರುವುದಿಲ್ಲ. ಬೆಳಿಗ್ಗೆ ಮೇಲೆ ಹೋದಾಗ ಟೊಮೆಟೊ ಅರ್ಧ ಖಾಲಿಯಾಗಿರುತ್ತದೆ. ಹಿಂದಿನ ದಿನ ಪ್ಯಾರಾಪೆಟ್ ಮೇಲೆ ಅಳಿಲು ಓಡಿದ್ದು ನೆನಪಿಗೆ ಬರುತ್ತದೆ. ಅಷ್ಟಕ್ಕೇ ತೀರ್ಮಾನ ಆಗಿಬಿಡುತ್ತದೆ. ಹಸಿರು ಪ್ಲಾಸ್ಟಿಕ್ ಬಲೆ ತಂದು ಕಟ್ಟುತ್ತಾರೆ. ಮುಂದಿನ ವಾರ ಮತ್ತೆ ಟೊಮೆಟೊ ಹೋಗುತ್ತದೆ. ತಿಂದಿದ್ದು ಇಲಿಯಾಗಿದ್ದರೆ ಅದು ಬಲೆಯ ಅಡಿಯಿಂದ ನುಗ್ಗಿರುತ್ತದೆ. ಅಳಿಲೇ ಆಗಿದ್ದರೂ ಪ್ಲಾಸ್ಟಿಕ್ ಬಲೆ ಅದಕ್ಕೆ ಲೆಕ್ಕಕ್ಕಿಲ್ಲ, ಕಚ್ಚಿ ದಾರಿ ಮಾಡಿಕೊಂಡಿರುತ್ತದೆ.

ಹಕ್ಕಿಗೆ ಸಾಕಾಗುವ ಬಲೆ ಅಳಿಲಿಗೆ ಸಾಕಾಗುವುದಿಲ್ಲ. ಅಳಿಲಿಗೆ ತಾಗುವ ಖಾರ ಗಿಳಿಗೆ ತಾಗುವುದಿಲ್ಲ. ಹಗಲಿನ ಕಾವಲು ಇಲಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ದುಡ್ಡು ಖರ್ಚು ಮಾಡುವ ಮೊದಲು ಪತ್ತೆ ಕೆಲಸ ಮುಗಿಸಿಕೊಳ್ಳಿ. ಎರಡು ಮೂರು ದಿನ ಕಣ್ಣಿಟ್ಟರೆ ಸಾಕು, ಬಹುಪಾಲು ಗೊತ್ತಾಗುತ್ತದೆ.

ಮೊದಲು ಹೊತ್ತು ತಿಳಿಯಿರಿ

ಸಂಜೆ ಕತ್ತಲಾಗುವ ಮುಂಚೆ ಗಿಡಗಳ ಫೋಟೋ ತೆಗೆಯಿರಿ. ಹಣ್ಣು ಕಾಣುವಂತೆ, ಹತ್ತಿರದಿಂದ. ಮಾರನೆಯ ದಿನ ಬೆಳಕು ಹರಿಯುವಾಗಲೇ ಮೇಲೆ ಹೋಗಿ ಅದೇ ಜಾಗದ ಫೋಟೋ ತೆಗೆಯಿರಿ. ಹೊಸ ಗಾಯ ಆಗಿದ್ದರೆ ಅದು ರಾತ್ರಿಯ ಕೆಲಸ: ಇಲಿ, ಹೆಗ್ಗಣ, ಬಾವಲಿ, ಬಸವನಹುಳು. ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನಕ್ಕೆ ಹಾಳಾಗಿದ್ದರೆ ಹಗಲಿನ ಕೆಲಸ: ಅಳಿಲು, ಗಿಳಿ, ಪಿಕಳಾರ, ಕಾಗೆ, ಪಾರಿವಾಳ. ನಮ್ಮ ಕಡೆಯ ಮೂರು ಪಟ್ಟೆಯ ಅಳಿಲು ಪೂರಾ ಹಗಲಿನ ಪ್ರಾಣಿ. ಕತ್ತಲಾದ ಮೇಲೆ ಅದು ಗೂಡಿನಲ್ಲಿರುತ್ತದೆ. ರಾತ್ರಿ ಹತ್ತರ ನಂತರ ಆದ ನಷ್ಟವನ್ನು ಅದರ ಲೆಕ್ಕಕ್ಕೆ ಬರೆಯಬೇಡಿ.

ಬೆಳಿಗ್ಗೆ ಏಳಕ್ಕೆ ಹೋಗಿ ನೋಡಿ "ರಾತ್ರಿ ತಿಂದಿದೆ" ಅನ್ನುವವರು ಬಹಳ. ಅಷ್ಟು ಹೊತ್ತಿಗೆ ಹಕ್ಕಿ, ಅಳಿಲು ಎಲ್ಲ ಒಂದು ಸುತ್ತು ತಿಂಡಿ ಮುಗಿಸಿರುತ್ತವೆ. ಸೂರ್ಯ ಹುಟ್ಟುವ ಮುಂಚೆ ನೋಡಿದರೆ ಮಾತ್ರ ಈ ಪರೀಕ್ಷೆಗೆ ಬೆಲೆ.

ಇನ್ನೂ ಅನುಮಾನ ಉಳಿದರೆ ರಂಗೋಲಿ ಪುಡಿ ತನ್ನಿ. ಕುಂಡದ ಸುತ್ತ ನೆಲದ ಮೇಲೆ ಸಂಜೆ ತೆಳ್ಳಗೆ ಉದುರಿಸಿ. ಮಳೆ ಇಲ್ಲದ ದಿನ ಇರಲಿ. ಬೆಳಿಗ್ಗೆ ಹೆಜ್ಜೆ ಗುರುತು ಸಿಗುತ್ತದೆ. ಪುಟ್ಟ ಹೆಜ್ಜೆಗಳ ನಡುವೆ ಎಳೆದ ಹಾಗೆ ಒಂದು ಗೆರೆ ಇದ್ದರೆ ಅದು ಇಲಿಯ ಬಾಲ. ಮೂರು ಬೆರಳು ಮುಂದೆ, ಒಂದು ಹಿಂದೆ ಇದ್ದರೆ ಕಾಗೆ, ಪಾರಿವಾಳ, ಮೈನಾದಂಥ ಹಕ್ಕಿ. ಎರಡು ಮುಂದೆ, ಎರಡು ಹಿಂದೆ ಇದ್ದರೆ ಗಿಳಿಯ ಪಾದ ಹಾಗಿರುತ್ತದೆ, ಕೆಂಬೂತದ್ದೂ ಹಾಗೇ. ಕೆಂಬೂತ ಆದರೆ ಸುಮ್ನೆ ಬಿಡಿ. ಅದು ಬಸವನಹುಳು ತಿನ್ನಲು ಬಂದಿರುತ್ತದೆ, ನಿಮ್ಮ ಪರವಾಗಿ ಕೆಲಸ ಮಾಡುತ್ತಿದೆ.

ಕಚ್ಚಿದ ಹಣ್ಣನ್ನು ಕೈಗೆ ತೆಗೆದುಕೊಳ್ಳಿ

ಹಾಳಾದ ಹಣ್ಣನ್ನು ಕಂಡ ತಕ್ಷಣ ಕಾಂಪೋಸ್ಟ್ ಡಬ್ಬಿಗೆ ಎಸೆಯಬೇಡಿ. ಅದರಲ್ಲೇ ಉತ್ತರ ಇದೆ.

ಟೊಮೆಟೊ ತೆಗೆದುಕೊಳ್ಳಿ. ಗಾಯದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಸಿಪ್ಪೆಯ ಅಂಚಿನಲ್ಲಿ, ತಿರುಳಿನ ಗಟ್ಟಿ ಭಾಗದಲ್ಲಿ ಪಕ್ಕಪಕ್ಕ ಎರಡು ಸಣ್ಣ ಗೀರು ಕಾಣುತ್ತವಾ? ಉಳಿಯಲ್ಲಿ ಕೆತ್ತಿದ ಹಾಗೆ? ಅದು ಬಾಚಿಹಲ್ಲಿನ ಗುರುತು, ಅಂದರೆ ಅಳಿಲು ಅಥವಾ ಇಲಿ. ಇಬ್ಬರ ಗುರುತೂ ಒಂದೇ ಥರ ಇರುವುದರಿಂದ ಹಲ್ಲು ನೋಡಿ ಬೇರೆ ಮಾಡಲು ಹೋಗಬೇಡಿ. ಹೊತ್ತು ನೋಡಿ, ಹಿಕ್ಕೆ ನೋಡಿ. ಇಲಿ ಓಡಾಡುವ ಗೋಡೆ ಬುಡದಲ್ಲಿ, ಕುಂಡಗಳ ಹಿಂದೆ, ಒಂದು ಸೆಂಟಿಮೀಟರಿಗಿಂತ ತುಸು ಉದ್ದದ ಕಪ್ಪು ಹಿಕ್ಕೆ ಗುಂಪಾಗಿ ಬಿದ್ದಿರುತ್ತದೆ. ಅಳಿಲು ಹಣ್ಣನ್ನು ಕಿತ್ತು ಎತ್ತರದ ಜಾಗಕ್ಕೆ ಒಯ್ದು ಕೂತು ತಿನ್ನುತ್ತದೆ. ಪ್ಯಾರಾಪೆಟ್ ಮೇಲೆ, ನೀರಿನ ಟ್ಯಾಂಕಿನ ಮೇಲೆ ಸಿಪ್ಪೆ, ಬೀಜ ಬಿದ್ದಿದ್ದರೆ ಅದರ ಊಟದ ಜಾಗ ಅಲ್ಲೇ.

ಗಿಡದಲ್ಲೇ ನೇತಾಡುತ್ತಿರುವ ಹಣ್ಣಿನಲ್ಲಿ ಬಟ್ಟಲಿನ ಆಕಾರದ ಗುಳಿ, ಸಿಪ್ಪೆ ಒಳಕ್ಕೆ ಮಡಚಿಕೊಂಡು ಹಾಗೇ ಉಳಿದಿದೆ, ಹಲ್ಲಿನ ಗೀರು ಇಲ್ಲ. ಇದು ಕೊಕ್ಕಿನ ಕೆಲಸ. ತಾರಸಿಗಳಲ್ಲಿ ಬಹುತೇಕ ಪಿಕಳಾರವೇ. ತಲೆ ಮೇಲೆ ಕಪ್ಪು ಜುಟ್ಟು, ಕೆನ್ನೆಯಲ್ಲಿ ಕೆಂಪು ಮಚ್ಚೆ ಇರುವ ಆ ಚುರುಕಿನ ಹಕ್ಕಿ. ಅದು ಚೆನ್ನಾಗಿ ಹಣ್ಣಾದದ್ದನ್ನೇ ಆರಿಸುತ್ತದೆ. ಕಾಯಿ ಮುಟ್ಟುವುದು ಕಡಿಮೆ. ಈ ಒಂದು ವಿಷಯ ಮುಂದೆ ಪರಿಹಾರದಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ.

ಗಿಳಿ ಬೇರೆ ಥರ. ಕಾಯಿ, ಹಣ್ಣು ಭೇದ ಇಲ್ಲ. ಸೀಬೆ, ದಾಳಿಂಬೆ, ಸೂರ್ಯಕಾಂತಿ, ಮೆಣಸಿನಕಾಯಿ ಅಂದರೆ ಇಷ್ಟ. ಕಚ್ಚಿ, ಸ್ವಲ್ಪ ತಿಂದು, ಉಳಿದದ್ದನ್ನು ಕೆಳಗೆ ಬಿಡುತ್ತದೆ. ಗಿಡದ ಬುಡದಲ್ಲಿ ಅರ್ಧ ಕಚ್ಚಿದ ಕಾಯಿಗಳ ರಾಶಿ, ಮೆಣಸಿನಕಾಯಿ ಸೀಳಿ ಬೀಜ ಖಾಲಿ ಆಗಿರುವುದು ಕಂಡರೆ ಗಿಳಿ ಎಂದು ಧೈರ್ಯವಾಗಿ ಹೇಳಬಹುದು.

ಸೀಬೆ, ಸಪೋಟ ರಾತ್ರೋರಾತ್ರಿ ಮಾಯವಾಗಿ, ಪಕ್ಕದ ಮರದ ಕೆಳಗೋ ಕಾರಿನ ಮೇಲೋ ಜಗಿದು ಉಗಿದ ನಾರಿನ ಉಂಡೆಗಳು ಬಿದ್ದಿದ್ದರೆ ಬಾವಲಿ.

ಇನ್ನು ಯಾರೂ ತಿನ್ನದೇ ಹಾಳಾದ ಹಣ್ಣುಗಳೂ ಇವೆ. ದುಂಡನೆಯ ಅಚ್ಚುಕಟ್ಟಾದ ತೂತು, ಸುತ್ತ ಹುಡಿ ಹುಡಿ ಹಿಕ್ಕೆ: ಕಾಯಿಕೊರಕ ಹುಳು. ಹಾಗಲ, ಹೀರೆ, ಸೀಬೆಯಲ್ಲಿ ಸೂಜಿ ಚುಚ್ಚಿದಂಥ ಗುರುತು, ಒಳಗೆ ಬಿಳಿ ಹುಳು: ಹಣ್ಣುನೊಣ. ಟೊಮೆಟೊದ ತಳ ಕಪ್ಪಾಗಿ ಒಳಕ್ಕೆ ಕುಸಿದಿದ್ದರೆ ಅದು ಸುಣ್ಣದ ಅಂಶ ಹಣ್ಣಿಗೆ ತಲುಪದೆ ಆದ ಕೊಳೆ. ನೀರು ಒಮ್ಮೆ ಜಾಸ್ತಿ ಒಮ್ಮೆ ಕಮ್ಮಿ ಆಗುವ ಕುಂಡಗಳಲ್ಲಿ ಇದು ಸಾಮಾನ್ಯ. ಒಣಗಿದ ಕುಂಡಕ್ಕೆ ಒಮ್ಮೆಲೇ ನೀರು ಸುರಿದಾಗ ಹಣ್ಣು ಬಿರಿಯುತ್ತದೆ, ಆಮೇಲೆ ಇರುವೆ, ಹಕ್ಕಿ ಬರುತ್ತವೆ. ಆಗ ಹಕ್ಕಿಯನ್ನು ಓಡಿಸಿ ಪ್ರಯೋಜನ ಇಲ್ಲ, ನೀರು ಹಾಕುವ ಕ್ರಮ ಸರಿಪಡಿಸಬೇಕು. ಇವುಗಳಲ್ಲಿ ಯಾವುದಕ್ಕೂ ಬಲೆ ಮದ್ದಲ್ಲ.

ಕುಂಡದ ಮಣ್ಣು ಕೆದರಿದ್ದರೆ

ಇದು ಎರಡನೆಯ ದೊಡ್ಡ ದೂರು. ನನ್ನ ಅನುಭವದಲ್ಲಿ ಇದರ ಮೂಲ ಹೆಚ್ಚಾಗಿ ನಾವು ಹಾಕಿದ ಗೊಬ್ಬರದಲ್ಲೇ ಇರುತ್ತದೆ. ನಮ್ಮ ಬೀದಿಯ ಒಬ್ಬ ಆಂಟಿ ಹೀಗೇ ಕರೆದರು. ಸಾಲಾಗಿ ಇಟ್ಟ ಕುಂಡಗಳಲ್ಲಿ ಬುಡ ಕಾಣುವಷ್ಟು ಮಣ್ಣು ಹೊರಗೆ ಬಿದ್ದಿತ್ತು. ಬದನೆ ಸಸಿಗಳು ಒರಗಿಕೊಂಡಿದ್ದವು.

"ಆಂಟಿ, ಈ ವಾರ ಏನು ಗೊಬ್ಬರ ಹಾಕಿದ್ರಿ?"

"ಕಡಲೆಕಾಯಿ ಹಿಂಡಿ ಕಣಪ್ಪ. ನೆನೆಸಿ, ಬುಡಕ್ಕೆ ಗಟ್ಟಿಯಾಗೇ ಹಾಕ್ದೆ. ಒಳ್ಳೇದು ಅಂತಾರಲ್ಲ."

ಒಳ್ಳೆಯದೇ. ಆದರೆ ಆ ವಾಸನೆಗೆ ಹೆಗ್ಗಣ, ಇಲಿ, ಅಳಿಲು, ಕಾಗೆ ಎಲ್ಲಕ್ಕೂ ಬಾಯಲ್ಲಿ ನೀರು ಬರುತ್ತದೆ. ಮೂಳೆಪುಡಿ, ಮೀನಿನ ಗೊಬ್ಬರ, ಅಡುಗೆಮನೆಯ ಹಸಿ ಕಸವನ್ನು ನೇರ ಕುಂಡದಲ್ಲಿ ಹೂಳುವುದು, ಇವೆಲ್ಲ ಅದೇ ಸಾಲಿಗೆ ಸೇರುತ್ತವೆ. ಆಂಟಿಗೆ ಹೇಳಿದ್ದು ಇಷ್ಟೇ: ಹಿಂಡಿ ನೆನೆಸಿದ ತಿಳಿಯನ್ನು ಚೆನ್ನಾಗಿ ತೆಳ್ಳಗೆ ಮಾಡಿ ಹಾಕಿ, ಚರಟವನ್ನು ಮುಚ್ಚಳ ಇರುವ ಕಾಂಪೋಸ್ಟ್ ಡಬ್ಬಿಗೆ ಹಾಕಿ, ಮಣ್ಣಿನ ಮೇಲೆ ಜಲ್ಲಿಕಲ್ಲು ಹರಡಿ. ಬುಡಕ್ಕೆ ಗಟ್ಟಿ ಗೊಬ್ಬರವೇ ಬೇಕು ಅನಿಸಿದರೆ ಬೇವಿನ ಹಿಂಡಿ ಹಾಕಿ. ಕಹಿಗೆ ಅಷ್ಟಾಗಿ ಯಾರೂ ಬರುವುದಿಲ್ಲ.

ಗೊಬ್ಬರ ಹಾಕದೇ ಇದ್ದರೂ ಕೆದರಿದ್ದರೆ ಹೀಗೆ ನೋಡಿ. ಮೇಲಿನ ಒಣ ಎಲೆ ಮಾತ್ರ ಚೆಲ್ಲಾಡಿದ್ದರೆ ಮೈನಾ, ಹರಟೆಮಲ್ಲದಂಥ ಹಕ್ಕಿಗಳು ಹುಳು ಹುಡುಕಿವೆ. ಗಿಡಕ್ಕೆ ಏನೂ ಆಗಿಲ್ಲ, ಎಲೆ ಮತ್ತೆ ಹರಡಿ. ಮಣ್ಣಿನಲ್ಲಿ ಸಣ್ಣ ಸಣ್ಣ ಗುಂಡಿ, ಹಗಲಿನಲ್ಲಿ ಆಗಿದ್ದರೆ ಅಳಿಲು ಕಾಳು ಹೂಳಲು ಅಥವಾ ಹೂಳಿದ್ದನ್ನು ತೆಗೆಯಲು ಬಂದಿದೆ. ನೀವು ನೆಡದ ಕಡಲೆ ಗಿಡ ಗುಲಾಬಿ ಕುಂಡದಲ್ಲಿ ಹುಟ್ಟಿದರೆ ಅದಕ್ಕೆ ಇದೇ ಕಾರಣ. ದೊಡ್ಡ ಗುಂಡಿ ತೋಡಿ ಮತ್ತೆ ಮುಚ್ಚಿ, ಕೆಟ್ಟ ವಾಸನೆ ಬರುತ್ತಿದ್ದರೆ ಬೆಕ್ಕು. ಸೊಪ್ಪಿನ ಮಡಿಯಲ್ಲಿ ಒಣ ಮಣ್ಣಿನ ಮೇಲೆ ಬೋಗುಣಿಯಂಥ ನಯವಾದ ತಗ್ಗು ಇದ್ದರೆ ಗುಬ್ಬಚ್ಚಿ ಮಣ್ಣಿನ ಸ್ನಾನ ಮಾಡಿದೆ. ಗುಬ್ಬಚ್ಚಿ ಬರುವ ತಾರಸಿ ಈಗ ಎಲ್ಲಿದೆ? ಅದಕ್ಕೆ ಮೂಲೆಯಲ್ಲಿ ಒಂದು ತಟ್ಟೆ ಒಣ ಮಣ್ಣು ಇಟ್ಟುಬಿಡಿ, ಸೊಪ್ಪಿನ ತಂಟೆಗೆ ಬರುವುದು ತಪ್ಪುತ್ತದೆ.

ಬೀಜ ಮೊಳೆಯಲಿಲ್ಲ, ಸಸಿ ಮಾಯ

ಬೀನ್ಸ್, ಬಟಾಣಿ, ಜೋಳ, ಅವರೆ ಬಿತ್ತಿ ಏನೂ ಬಾರದಿದ್ದರೆ ಬೀಜದ ಅಂಗಡಿಯವರನ್ನು ಬೈಯುವ ಮೊದಲು ಮಣ್ಣು ಕೆದಕಿ ನೋಡಿ. ಬೀಜ ಮೆತ್ತಗಾಗಿ ಕೊಳೆತಿದ್ದರೆ ನೀರು ಜಾಸ್ತಿ. ಬೀಜವೇ ಇಲ್ಲದಿದ್ದರೆ ಹಗಲಿನಲ್ಲಿ ಪಾರಿವಾಳ ಅಥವಾ ಅಳಿಲು, ರಾತ್ರಿ ಇಲಿ. ಮೊಳಕೆ ಬಂದು ಎರಡೆಲೆ ಬಿಟ್ಟ ಸಸಿಯ ತಲೆ ಮಾತ್ರ ಹೋಗಿ ಕಡ್ಡಿ ನಿಂತಿದ್ದರೆ ಹಕ್ಕಿ ಕಿತ್ತಿದೆ. ಬುಡಕ್ಕೇ ಕತ್ತರಿಸಿ ಸಸಿ ಪಕ್ಕದಲ್ಲೇ ಬಿದ್ದಿದ್ದರೆ ಮಣ್ಣಿನಲ್ಲಿ ಕತ್ತರಿ ಹುಳು ಇದೆ, ಬೆರಳಲ್ಲಿ ಕೆದಕಿದರೆ ಸುರುಳಿ ಸುತ್ತಿ ಮಲಗಿರುವುದು ಸಿಗುತ್ತದೆ. ಬುಡ ತೆಳ್ಳಗೆ ಕೊಳೆತು ಸಸಿ ಮಗುಚಿದ್ದರೆ ಶಿಲೀಂಧ್ರ.

ಎಲೆ ಮೇಲೆ, ಕುಂಡದ ಬದಿಯಲ್ಲಿ ಹೊಳೆಯುವ ಒಣ ಲೋಳೆ ಕಂಡರೆ ಬಸವನಹುಳು. ಬೆಂಗಳೂರಿನಲ್ಲಿ ಮಳೆಗಾಲದಲ್ಲಿ ಕೈಯಗಲದ ಆಫ್ರಿಕನ್ ಬಸವನಹುಳು ಎಷ್ಟೋ ಕಡೆ ಹಬ್ಬಿದೆ. ರಾತ್ರಿ ಟಾರ್ಚ್ ಹಿಡಿದು ಹೋದರೆ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ. ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಪರಾವಲಂಬಿ ಹುಳು ಅದರಲ್ಲಿರಬಹುದು. ಕೈಗವಸು ಹಾಕಿ, ಮಕ್ಕಳಿಗೂ ಹೇಳಿ.

ಬಿತ್ತನೆಗೆ ಪರಿಹಾರ ಸುಲಭ. ಟ್ರೇ ಮೇಲೆ ಹಳೆಯ ತಂತಿ ಬುಟ್ಟಿ ಅಥವಾ ಹಣ್ಣಿನ ಕ್ರೇಟ್ ಕವುಚಿ, ಮೇಲೊಂದು ಕಲ್ಲು ಇಡಿ. ಸಸಿ ನಾಲ್ಕೈದು ಎಲೆ ಬಿಟ್ಟ ಮೇಲೆ ತೆಗೆಯಿರಿ. ಅಷ್ಟು ಬೆಳೆದ ಸಸಿಯನ್ನು ಪಾರಿವಾಳ ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಇವು ತಪ್ಪು ಮಾಡಿಲ್ಲ

ಎಲೆಯಲ್ಲಿ ಸಾಲಾಗಿ ಪುಟ್ಟ ತೂತುಗಳು, ತೂತಿನಲ್ಲಿ ಹತ್ತಿಯ ಎಳೆ, ಎರಡು ಎಲೆ ಸೇರಿಸಿ ಹೊಲಿದ ಹಾಗಿದೆ. ಎಲೆ ಸುರುಳಿ ಹುಳು ಅಂತ ಔಷಧಿ ಹೊಡೆಯಲು ಹೊರಟವರನ್ನು ನಾನು ತಡೆದಿದ್ದೇನೆ. ಅದು ಸಿಂಪಿಗ ಹಕ್ಕಿಯ ಗೂಡು. ಬದನೆ, ದಾಸವಾಳ, ಅಂಜೂರದ ಅಗಲ ಎಲೆ ಅದಕ್ಕೆ ಅಚ್ಚುಮೆಚ್ಚು. ಹತ್ತಿರ ಹೋಗಿ ಬಗ್ಗಿ ನೋಡಿ, ಎಲೆಯ ಚೀಲದೊಳಗೆ ಮೆತ್ತನೆಯ ಹತ್ತಿ ಹಾಸಿರುತ್ತದೆ. ಆ ಹಕ್ಕಿ ದಿನವಿಡೀ ನಿಮ್ಮ ಗಿಡದ ಹುಳುಗಳನ್ನೇ ಹೆಕ್ಕಿ ಮರಿಗೆ ಕೊಡುತ್ತದೆ. ಅಲ್ಲಿ ಔಷಧಿ ಹೊಡೆದರೆ ಮರಿಗೆ ವಿಷ ಉಣಿಸಿದಂತೆ ಆಗುತ್ತದೆ.

ಗುಲಾಬಿ ಎಲೆಯ ಅಂಚಿನಲ್ಲಿ ಅಚ್ಚುಕಟ್ಟಾದ ಅರ್ಧಚಂದ್ರಾಕಾರದ ಕತ್ತರಿ ಗುರುತು ಎಲೆ ಕತ್ತರಿಸುವ ಜೇನಿನದು. ದಾಸವಾಳದ ಹೂವಿನ ಬುಡದಲ್ಲಿ ಸೀಳು ಇದ್ದರೆ ಸೂರಕ್ಕಿ ಮಕರಂದ ಹೀರಿದೆ. ಎರಡರಿಂದಲೂ ಗಿಡಕ್ಕೆ ನಷ್ಟ ಇಲ್ಲ.

ನಾರು ಕಿತ್ತರೆ, ಪೈಪ್ ತೂತಾದರೆ

ತೆಂಗಿನ ನಾರಿನ ತೂಗು ಕುಂಡ ದಿನ ದಿನ ಸವೆಯುತ್ತಿದ್ದರೆ, ಗ್ರೋಬ್ಯಾಗಿನ ಅಂಚು ಎಳೆ ಎಳೆಯಾಗಿ ಬಿಡಿಸಿದ್ದರೆ ಅಲ್ಲಿ ಹಸಿವಿನ ವಿಷಯ ಇಲ್ಲ. ಅಳಿಲು, ಕಾಗೆ, ಗುಬ್ಬಚ್ಚಿ ಗೂಡಿಗೆ ಸಾಮಾನು ಒಯ್ಯುತ್ತಿವೆ. ಒಂದು ಹಿಡಿ ಬಿಡಿ ನಾರನ್ನು ಬೇರೆ ಕಡೆ ನೇತುಹಾಕಿದರೆ ಕುಂಡ ಉಳಿಯುತ್ತದೆ.

ಹನಿ ನೀರಾವರಿಯ ಸಣ್ಣ ಪೈಪ್ ಕಚ್ಚುವುದಕ್ಕೆ ಎರಡು ಕಾರಣ. ಅಳಿಲಿನ ಬಾಚಿಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ, ಅದನ್ನು ಸವೆಸಲು ಏನಾದರೂ ಕಡಿಯಲೇಬೇಕು. ಬೇಸಿಗೆಯಲ್ಲಾದರೆ ನೀರಿಗಾಗಿಯೂ ಕಡಿಯುತ್ತದೆ. ಪೈಪನ್ನು ಮಣ್ಣಿನಡಿ ಅಥವಾ ಜಲ್ಲಿಯಡಿ ಹುದುಗಿಸಿ.

ಮಾರ್ಚ್‌ನಿಂದ ಮೇ ತನಕ ಟೊಮೆಟೊ, ಸೌತೆ ಒಂದೊಂದೇ ಕಚ್ಚು ಕಚ್ಚಿ ಬಿಟ್ಟಿರುವುದು ಕಂಡರೆ ನಾನು ಮೊದಲು ನೀರಿನ ಬಟ್ಟಲು ಇಡಿಸುತ್ತೇನೆ. ಬಾಯಾರಿಕೆಗೆ ಕಚ್ಚುತ್ತಿದ್ದರೆ ಇದರಿಂದಲೇ ಎಷ್ಟೋ ಕಡಿಮೆ ಆಗುತ್ತದೆ. ಬಟ್ಟಲು ತರಕಾರಿಯಿಂದ ದೂರ, ತಾರಸಿಯ ಇನ್ನೊಂದು ತುದಿಯಲ್ಲಿರಲಿ. ದಿನಾ ನೀರು ಚೆಲ್ಲಿ, ಉಜ್ಜಿ ತೊಳೆದು ಹೊಸ ನೀರು ಹಾಕಿ. ವಾರ ಬಿಟ್ಟರೆ ಡೆಂಗಿ ಸೊಳ್ಳೆ ಅದರಲ್ಲೇ ಬೆಳೆದು ಹಾರುತ್ತದೆ.

ಪತ್ತೆ ಆಯಿತು, ಈಗ ಪರಿಹಾರ

ಪಿಕಳಾರ ಎಂದು ಗೊತ್ತಾದರೆ ಬಲೆಯೇ ಬೇಕಿಲ್ಲ. ಟೊಮೆಟೊವನ್ನು ದೋರಗಾಯಿಯಲ್ಲೇ ಕೊಯ್ಯಿರಿ. ತಳದಲ್ಲಿ ಹಸಿರು ಹೋಗಿ ತಿಳಿ ಹಳದಿ ಅಥವಾ ಗುಲಾಬಿ ಬಣ್ಣ ತಿರುಗಿದ ದಿನವೇ. ಆ ಹೊತ್ತಿಗೆ ಹಣ್ಣಾಗುವ ಕ್ರಿಯೆ ಒಳಗೆ ಶುರುವಾಗಿರುತ್ತದೆ, ಗಿಡದಿಂದ ಕಿತ್ತರೂ ಮುಂದುವರಿಯುತ್ತದೆ. ಅಡುಗೆಮನೆ ಕಟ್ಟೆ ಮೇಲೆ ಬುಟ್ಟಿಯಲ್ಲಿಡಿ, ಫ್ರಿಜ್‌ನಲ್ಲಿ ಬೇಡ. ಕೆಲವೇ ದಿನಗಳಲ್ಲಿ ಕೆಂಪಾಗುತ್ತದೆ. ರುಚಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಗಿಡದಲ್ಲೇ ಕೆಂಪಾಗಲಿ ಎಂದು ಕಾಯುವ ಆಸೆ ನನಗೂ ಅರ್ಥ ಆಗುತ್ತದೆ, ಆದರೆ ಆ ಕೆಂಪೇ ಹಕ್ಕಿಗೆ ಕರೆ.

ಸೀಬೆ, ದಾಳಿಂಬೆ, ಅಂಜೂರಕ್ಕೆ ಒಂದೊಂದು ಹಣ್ಣಿಗೂ ಚೀಲ ಕಟ್ಟುವುದು ಕುಂಡದ ಗಿಡಕ್ಕೆ ಚೆನ್ನಾಗಿ ಒಗ್ಗುತ್ತದೆ. ಹಳೆಯ ಸೊಳ್ಳೆ ಪರದೆ ಕತ್ತರಿಸಿ ಹೊಲಿದರೆ ಸಾಕು. ಮದುವೆ ಮನೆಯಲ್ಲಿ ಉಡುಗೊರೆ ಹಾಕಿ ಕೊಡುವ ಆರ್ಗಂಜಾ ಚೀಲವೂ ಆಗುತ್ತದೆ. ಹೀಚು ನಿಂಬೆ ಗಾತ್ರಕ್ಕೆ ಬಂದಾಗ ಕಟ್ಟಿ. ತೊಟ್ಟಿನ ಹತ್ತಿರ ಸಂದಿ ಬಿಡಬೇಡಿ, ಚೀಲ ಹಣ್ಣಿಗೆ ಅಂಟದೆ ಸಡಿಲ ಇರಲಿ. ಹಣ್ಣುನೊಣದಿಂದಲೂ ಇದು ಕಾಪಾಡುತ್ತದೆ. ಆದರೆ ಅಳಿಲಿಗೆ, ಇಲಿಗೆ ಬಟ್ಟೆ ಚೀಲ ಅಡ್ಡಿ ಅಲ್ಲ.

ಹಕ್ಕಿಗೆ ಬಲೆ ಹಾಕಲೇಬೇಕಾದಾಗ ಕಣ್ಣಿನ ಅಳತೆ ನೋಡಿ. ಬಾಲ್ಕನಿಗೆ ಪಾರಿವಾಳ ಬರದಂತೆ ಹಾಕುವ ಬಲೆಯ ಕಣ್ಣು ಎರಡು ಇಂಚಿನ ಹತ್ತಿರ ಇರುತ್ತದೆ, ಅದರಲ್ಲಿ ಗುಬ್ಬಚ್ಚಿ ಆರಾಮವಾಗಿ ತೂರುತ್ತದೆ. ಸಣ್ಣ ಹಕ್ಕಿಗೆ ಮುಕ್ಕಾಲು ಇಂಚು ಅಥವಾ ಅದಕ್ಕಿಂತ ಸಣ್ಣದು ಬೇಕು. ಬಲೆಯನ್ನು ಗಿಡದ ಮೇಲೆ ಸುಮ್ನೆ ಹೊದಿಸಬೇಡಿ. ಹಕ್ಕಿ ಹೊರಗಿಂದ ಕೂತೇ ಕುಕ್ಕುತ್ತದೆ. ಅದಕ್ಕಿಂತ ಕೆಟ್ಟದ್ದು, ಸಡಿಲ ನೈಲಾನ್ ಎಳೆಗೆ ಹಕ್ಕಿಯ ಕಾಲು, ಓತಿಕ್ಯಾತ, ಹಾವು ಸಿಕ್ಕಿಕೊಂಡು ಸಾಯುತ್ತವೆ. ಪಿವಿಸಿ ಪೈಪಿನ ಚೌಕಟ್ಟು ಕಟ್ಟಿ, ಬಲೆ ಬಿಗಿಯಾಗಿ ಎಳೆದು, ನೆಲದ ತನಕ ಇಳಿಸಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮನೆಯ ಹಣ್ಣಿನ ಗಿಡಕ್ಕೆ ಹೊದಿಸುವ ಬಲೆಯ ಕಣ್ಣು 5 ಮಿಲಿಮೀಟರ್ ಮೀರಬಾರದು ಎಂದು 2021ರಿಂದ ಕಾನೂನೇ ಇದೆ. ಬಲೆಯ ಕಣ್ಣಲ್ಲಿ ಬೆರಳು ತೂರಿದರೆ ಕೊಳ್ಳಬೇಡಿ ಎಂಬುದು ಅಲ್ಲಿನ ಸರಳ ಪರೀಕ್ಷೆ. ನೇರವಾಗಿ ಹೊದಿಸುವುದೇ ಆದರೆ ನೀವೂ ಆ ಪರೀಕ್ಷೆ ಮಾಡಿ.

ಅಳಿಲು, ಇಲಿ ಎಂದು ಖಚಿತವಾದರೆ ತಂತಿಯೇ ಗತಿ. ಹಾರ್ಡ್‌ವೇರ್ ಅಂಗಡಿಯಲ್ಲಿ "ಅರ್ಧ ಇಂಚಿನ ಜಿಐ ವೆಲ್ಡ್‌ಮೆಶ್" ಎಂದು ಕೇಳಿ, ಅಂದರೆ ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ, ಸತು ಲೇಪದ ತಂತಿ ಬಲೆ. ತಂತಿ ಸುಮಾರು ಒಂದು ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಕೋಳಿ ಗೂಡಿಗೆ ಹಾಕುವ ಆರು ಮೂಲೆಯ ತಂತಿ ಬಲೆ ಅಗ್ಗ, ಆದರೆ ದೊಡ್ಡ ಕಣ್ಣಿನದಾದರೆ ಅಳಿಲು ತೂರುತ್ತದೆ. ಇಡೀ ತಾರಸಿಗೆ ಕಟ್ಟಲು ಹೋಗಬೇಡಿ. ಟೊಮೆಟೊ, ಸ್ಟ್ರಾಬೆರಿಯಂಥ ಆಸೆ ಹುಟ್ಟಿಸುವ ಗಿಡಗಳನ್ನೆಲ್ಲ ಒಂದು ಕಡೆ ಸೇರಿಸಿ, ಅಷ್ಟಕ್ಕೆ ಮಾತ್ರ ಒಂದು ಪಂಜರ ಮಾಡಿಸಿ. ಮೇಲೂ ಮುಚ್ಚಿರಬೇಕು, ಕೆಳಗೂ ಸಂದಿ ಇರಬಾರದು, ಬಾಗಿಲಿಗೆ ಕೊಂಡಿ ಬೇಕು. ಪುದೀನ, ಕರಿಬೇವು, ದೊಡ್ಡಪತ್ರೆ, ಬೆಳ್ಳುಳ್ಳಿ ಸೊಪ್ಪು, ನಿಂಬೆಹುಲ್ಲು ಇವಕ್ಕೆ ಕಾವಲು ಬೇಕಾಗುವುದು ಬಹಳ ಕಡಿಮೆ. ಅವು ಹೊರಗಿರಲಿ.

ಮರದ ಕೊಂಬೆ ತಾರಸಿಗೆ ಚಾಚಿದ್ದರೆ ಅಳಿಲಿಗೆ ಅದೇ ಸೇತುವೆ. ಆದರೆ ಬೀದಿ ಮರದ ಕೊಂಬೆಯನ್ನು ನಾವೇ ಕಡಿಯುವಂತಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಪಾಲಿಕೆಯ ಅರಣ್ಯ ವಿಭಾಗದ ಅನುಮತಿ ಬೇಕು. ನನ್ನ ಕೇಳಿದರೆ ಮರ ಹಾಗೇ ಇರಲಿ, ಪಂಜರ ಮಾಡಿಸಿ.

ದುಡ್ಡು ಹಾಕಬೇಡಿ

ಅಲ್ಟ್ರಾಸಾನಿಕ್ ಯಂತ್ರ ಹಕ್ಕಿಗೆ ಏನೂ ಮಾಡುವುದಿಲ್ಲ, ಆ ಸದ್ದು ಹಕ್ಕಿಯ ಕಿವಿಗೆ ಕೇಳಿಸುವುದೇ ಇಲ್ಲ. ಪ್ಲಾಸ್ಟಿಕ್ ಗೂಬೆ, ಹಳೆಯ ಸಿ.ಡಿ., ಹೊಳೆಯುವ ರಿಬ್ಬನ್ ಕೆಲವು ದಿನ ಕೆಲಸ ಮಾಡುತ್ತವೆ. ಆಮೇಲೆ ಗೂಬೆಯ ತಲೆ ಮೇಲೇ ಕಾಗೆ ಕೂರುತ್ತದೆ. ಹಣ್ಣಾಗುವ ಹತ್ತು ದಿನಕ್ಕೆ ಮಾತ್ರ ಕಟ್ಟಿ, ಜಾಗ ಬದಲಿಸುತ್ತಾ ಇದ್ದರೆ ಸ್ವಲ್ಪ ಉಪಯೋಗ.

ಮೆಣಸಿನಪುಡಿ ನೀರಿನ ವಿಷಯ ಸರಿಯಾಗಿ ತಿಳಿದುಕೊಳ್ಳಿ. ಮೆಣಸಿನ ಖಾರ ಹಾಲುಣಿಸುವ ಪ್ರಾಣಿಗಳಿಗೆ ಮಾತ್ರ ಉರಿ. ಹಕ್ಕಿಗಳಿಗೆ ಅದು ತಾಗುವುದೇ ಇಲ್ಲ. ಸೂಜಿಮೆಣಸು ಯಾರೂ ಬಿತ್ತದೆ ಬೇಲಿಯಲ್ಲಿ ಹುಟ್ಟುವುದು ಹಕ್ಕಿಗಳು ಅದನ್ನು ತಿಂದು ಬೀಜ ಹರಡುವುದರಿಂದಲೇ. ಹಾಗಾಗಿ ಗಿಳಿಗೆ, ಪಿಕಳಾರಕ್ಕೆ ಖಾರದ ನೀರು ಹೊಡೆದರೆ ಕೈ ಉರಿಯುವುದು ನಿಮಗೆ. ಅಳಿಲಿಗೆ, ಇಲಿಗೆ ತುಸು ನಾಟುತ್ತದೆ, ಆದರೆ ಒಂದು ಮಳೆಗೆ ತೊಳೆದುಹೋಗುತ್ತದೆ.

ಅಂಟಿನ ಹಲಗೆ ಮಾತ್ರ ಎಂದೂ ತಾರಸಿಯಲ್ಲಿ ಇಡಬೇಡಿ. ಇಲಿಗೆಂದು ಇಟ್ಟದ್ದಕ್ಕೆ ಸೂರಕ್ಕಿ, ಸಿಂಪಿಗ, ಹಲ್ಲಿ, ಅಳಿಲು ಮರಿ ಅಂಟಿಕೊಂಡು ನರಳಿ ಸಾಯುತ್ತವೆ. ಇಲಿಪಾಷಾಣವೂ ಬೇಡ. ವಿಷ ತಿಂದ ಇಲಿಯನ್ನು ಗೂಬೆ, ಬೆಕ್ಕು ತಿನ್ನುತ್ತವೆ. ಇಲಿಗೆ ಬೋನು ಇಡಿ, ಕಸ ಮುಚ್ಚಿಡಿ, ಹಿಂಡಿಯ ಚೀಲ ಡಬ್ಬಿಗೆ ಹಾಕಿ.

ಬಲೆ ಹಾಕಿದ ಮೇಲೂ ನಿಲ್ಲದಿದ್ದರೆ

ಮೊದಲು ಸಂದಿ ಹುಡುಕಿ. ಹಗಲಲ್ಲಿ ಪಂಜರದೊಳಗೆ ನಿಂತು ಅಂಚುಗಳನ್ನು ಬೆರಳಿಟ್ಟು ತಡವಿ. ಬಾಗಿಲ ಕೆಳಗೆ, ಮೂಲೆಯ ಕಟ್ಟು ಸಡಿಲಾದ ಕಡೆ, ಪೈಪ್ ಒಳಬರುವ ಜಾಗದಲ್ಲಿ ಎರಡು ಬೆರಳು ಹೋದರೆ ಅಳಿಲಿಗೆ ಅಷ್ಟೇ ಸಾಕು. ಗಿಡದ ಕೊಂಬೆ ತಂತಿಗೆ ಒತ್ತಿಕೊಂಡಿದ್ದರೆ ಹೊರಗಿಂದಲೇ ತಿನ್ನುತ್ತವೆ, ಒಂದು ಗೇಣು ಒಳಕ್ಕೆ ಕಟ್ಟಿ. ಇನ್ನೂ ಹಣ್ಣು ಹಾಳಾದರೆ ಮೊದಲ ಪತ್ತೆಯೇ ತಪ್ಪಿರಬಹುದು, ಹುಳುವಿನ ಕೆಲಸವೇ ಎಂದು ಮತ್ತೆ ನೋಡಿ.

ಬಲೆ ಹಾಕಿದ ಮೇಲೆ ಹೂವು ಕಾಯಿಯಾಗುತ್ತಿಲ್ಲ ಎಂಬ ದೂರೂ ಬರುತ್ತದೆ. ಟೊಮೆಟೊ, ಮೆಣಸಿನಕಾಯಿಗೆ ಜೇನು ಬೇಕೇಬೇಕು ಎಂದಿಲ್ಲ, ಬೆಳಿಗ್ಗೆ ಗಿಡ ಮೆಲ್ಲಗೆ ಅಲುಗಿಸಿದರೆ ಆಗುತ್ತದೆ. ಸೌತೆ, ಕುಂಬಳ, ಹಾಗಲಕ್ಕೆ ಜೇನು ಬರಲೇಬೇಕು. ಸಣ್ಣ ಕಣ್ಣಿನ ಬಲೆಯೊಳಗೆ ಇವನ್ನು ಬೆಳೆದರೆ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಕೈಯಿಂದಲೇ ಮುಟ್ಟಿಸಿ.

ಕೋತಿ ಬರುವ ಬಡಾವಣೆಗಳಿಗೆ ಈ ಬಲೆ, ಚೀಲ ಯಾವುದೂ ಸಾಲದು. ಅಲ್ಲಿ ಗ್ರಿಲ್ ಒಳಗಿನ ಬಾಲ್ಕನಿಯಲ್ಲಿ ಮಾತ್ರ ಹಣ್ಣು ಬೆಳೆಯಿರಿ.

ಕುಂಡದಲ್ಲೇ ಗೂಡು ಕಟ್ಟಿದ್ದರೆ

ಕುಂಡದ ಗಿಡದಲ್ಲಿ ಪಿಕಳಾರ ಗೂಡು ಕಟ್ಟುವುದು ಹೊಸದೇನಲ್ಲ. ಮೊಟ್ಟೆ ಇಟ್ಟಿದ್ದರೆ ಕುಂಡ ಸರಿಸಬೇಡಿ, ಗಿಡ ಸವರಬೇಡಿ. ನೀರನ್ನು ಬುಡಕ್ಕೆ ಮಾತ್ರ, ಬೇಗ ಹಾಕಿ ಬನ್ನಿ. ಮೊಟ್ಟೆ ಒಡೆಯಲು ಸುಮಾರು ಎರಡು ವಾರ, ಮರಿ ಹಾರಲು ಇನ್ನೆರಡು ವಾರಕ್ಕೂ ಕಡಿಮೆ. ಒಟ್ಟು ಒಂದು ತಿಂಗಳು ತಾಳ್ಮೆ ಇರಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದರೊಳಗೆ ಸಂರಕ್ಷಿತ ಹಕ್ಕಿಗಳ ಮೊಟ್ಟೆ, ಗೂಡು ಹಾಳು ಮಾಡುವುದೂ ಸೇರಿದೆ. ಗಿಳಿ ಹಿಡಿದು ಪಂಜರದಲ್ಲಿಡುವುದೂ ಅಪರಾಧ.

ಬಾಲ್ಕನಿಯಲ್ಲಿ ಪಾರಿವಾಳದ ಹಿಕ್ಕೆ ಒಣಗಿದ್ದರೆ ಒಣದಾಗಿ ಗುಡಿಸಬೇಡಿ. ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದು. ನೀರು ಚಿಮುಕಿಸಿ ನೆನೆಸಿ, ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆಯಿರಿ.

ಬಲೆ ಹಾಕಿದವರು ದಿನಾ ಬೆಳಿಗ್ಗೆ, ಸಂಜೆ ಸುತ್ತು ಹೊಡೆದು ಏನಾದರೂ ಸಿಕ್ಕಿಕೊಂಡಿದೆಯೇ ನೋಡಲೇಬೇಕು. ಊರಿಗೆ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ ಹೇಳಿಹೋಗಿ, ಯಾರೂ ಇಲ್ಲದಿದ್ದರೆ ಬಲೆ ಬಿಚ್ಚಿಟ್ಟು ಹೋಗಿ. ಹಕ್ಕಿಯೋ ಅಳಿಲೋ ಸಿಕ್ಕಿಕೊಂಡಿದ್ದರೆ ಎಳೆದಾಡಬೇಡಿ. ಅದರ ಮೇಲೆ ತೆಳು ಬಟ್ಟೆ ಹೊದಿಸಿದರೆ ಒದ್ದಾಟ ನಿಲ್ಲುತ್ತದೆ. ಬಲೆಯನ್ನೇ ಅದರ ಸುತ್ತ ಕತ್ತರಿಯಿಂದ ಕತ್ತರಿಸಿ ಬಿಡಿಸಿ. ಅಳಿಲು ಕಚ್ಚುತ್ತದೆ, ದಪ್ಪ ಕೈಗವಸು ಇರಲಿ. ಗಾಯ ಆಗಿದ್ದರೆ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬಾಯಿಗೆ ನೀರು ಹಾಕದೆ, ಕೆಂಗೇರಿ ಬಳಿ ಇರುವ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಒಯ್ಯಿರಿ. ಬೇರೆ ಊರಿನವರು ಹತ್ತಿರದ ಅರಣ್ಯ ಇಲಾಖೆ ಕಚೇರಿಗೆ ತಿಳಿಸಿ.